ಮಿದುಳು, ವಂಶವಾಹಿ ಮತ್ತು ನಡವಳಿಕೆ: ಅರ್ಜಿದಾರರ ತಿಳಿವಳಿಕೆಗಾಗಿ

ಬೌದ್ಧಿಕ ವಿಕಲತೆ, ಸ್ವಲೀನತೆ ಅಥವಾ ಮಾನಸಿಕ ಅಸ್ವಸ್ಥತೆಯುಳ್ಳ ವ್ಯಕ್ತಿಗಳಿಗೆ ವಿಕಲಚೇತನರ ಪ್ರಮಾಣಪತ್ರ ಹಾಗೂ ವಿಶಿಷ್ಟ ಗುರುತಿನ ಚೀಟಿ ಪಡೆಯಲು ಅರ್ಜಿ ಸಲ್ಲಿಸುವ ಪೋಷಕರ ಮತ್ತು ಕುಟುಂಬದವರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ಪ್ರಕಟಿಸಲಾಗಿದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಭಾಗದ ಅರ್ಜಿದಾರರು ಎರಡು ಪ್ರಶ್ನೆಗಳನ್ನು ಮತ್ತೆ ಮತ್ತೆ ಕೇಳುತ್ತಾರೆ. ಅರ್ಜಿಯೊಂದಿಗೆ ಜೀನ್ ಪರೀಕ್ಷೆಯ ವರದಿಯನ್ನು ಲಗತ್ತಿಸಬೇಕೇ ಎಂಬುದು ಮೊದಲನೆಯದು. ಪ್ರಮಾಣಪತ್ರ ಮಾಡಿಸಿದರೆ ಇದು ವಂಶದ ಕಾಯಿಲೆಯೆಂದು ಊರಿಗೆಲ್ಲ ಸಾರಿದಂತಾಗಿ ಮನೆಯ ಇತರ ಮಕ್ಕಳ ಮದುವೆಗೆ ತೊಡಕಾಗುವುದಿಲ್ಲವೇ ಎಂಬುದು ಎರಡನೆಯದು. ಈ ಎರಡನೆಯದನ್ನು ಸಾಮಾನ್ಯವಾಗಿ ಮೆಲುದನಿಯಲ್ಲಿ ಕೇಳಲಾಗುತ್ತದೆ.

ಮೊದಲ ಪ್ರಶ್ನೆಗೆ ಉತ್ತರ ಒಂದೇ ಮಾತಿನದು: ಬೇಕಿಲ್ಲ. ಎರಡನೆಯ ಪ್ರಶ್ನೆಯನ್ನು ಒಂದು ಮಾತಿನಲ್ಲಿ ಮುಗಿಸಲು ಬಾರದು. ಈ ಭಯದ ಕಾರಣದಿಂದಲೇ ಅರ್ಹರು ಅರ್ಜಿ ಸಲ್ಲಿಸದೆ ಉಳಿದು ಮಾಸಾಶನ, ವಿದ್ಯಾರ್ಥಿವೇತನ ಮುಂತಾದ ಸೌಲಭ್ಯಗಳಿಂದ ವಂಚಿತರಾಗುವುದುಂಟು. ಆದ್ದರಿಂದ ವಂಶವಾಹಿಗೂ ನಡವಳಿಕೆಗೂ ಇರುವ ಸಂಬಂಧವನ್ನು ವಿಜ್ಞಾನಿಗಳು ಯಾವ ಸಾಧನಗಳಿಂದ ಪರೀಕ್ಷಿಸುತ್ತಾರೆ ಮತ್ತು ಅದರಿಂದ ಏನು ತಿಳಿದುಬಂದಿದೆ ಎಂಬುದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ವಿವರಿಸಲಾಗಿದೆ. ಈ ಕಾರ್ಯದ ಗಣನೀಯ ಭಾಗ ನಮ್ಮ ರಾಜ್ಯದಲ್ಲಿಯೇ ನಡೆದಿದೆ.

ವಂಶವಾಹಿ ಎಂದರೇನು

ದೇಹದ ಬಹುತೇಕ ಪ್ರತಿಯೊಂದು ಜೀವಕೋಶದಲ್ಲಿಯೂ 23 ಜೊತೆ ವರ್ಣತಂತುಗಳಿದ್ದು, ಅವುಗಳಲ್ಲಿ ಪ್ರೋಟೀನು ತಯಾರಿಕೆಗೆ ಸೂಚನೆ ನೀಡುವ ಸುಮಾರು 20,000 ವಂಶವಾಹಿಗಳು ಅಥವಾ ಜೀನ್‌ಗಳು ಅಡಕವಾಗಿವೆ. ಪ್ರತಿ ವಂಶವಾಹಿಗೂ ಸಾಮಾನ್ಯವಾಗಿ ಎರಡು ಪ್ರತಿಗಳು: ಒಂದು ತಾಯಿಯಿಂದ, ಇನ್ನೊಂದು ತಂದೆಯಿಂದ. ಯಕೃತ್ತಿನ ಕೋಶದಲ್ಲಿ ಇರುವ ಕಡತವೇ ಮಿದುಳಿನ ಕೋಶದಲ್ಲಿಯೂ ಇರುತ್ತದೆ. ಆದರೆ ಎರಡೂ ಕಡೆ ತೆರೆದು ಓದುವ ಪುಟಗಳು ಬೇರೆ. ಒಂದೇ ಕೈಪಿಡಿ ಎಲ್ಲ ಕಚೇರಿಗಳಿಗೂ ಹೋಗಿದ್ದರೂ ಖಜಾನೆಯವರು ಒಂದು ಅಧ್ಯಾಯವನ್ನೂ ಕಂದಾಯದವರು ಮತ್ತೊಂದು ಅಧ್ಯಾಯವನ್ನೂ ಬಳಸುವಂತೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸುವುದು ಅಗತ್ಯ. ಸಿಟ್ಟು, ಮರೆವು, ಹಠ, ಮೌನ ಇವುಗಳನ್ನು ನೇರವಾಗಿ ಬರೆದಿಟ್ಟ ವಂಶವಾಹಿ ಯಾವುದೂ ಇಲ್ಲ. ವಂಶವಾಹಿ ಪ್ರೋಟೀನನ್ನು ಮಾಡಿಸುತ್ತದೆ. ಪ್ರೋಟೀನು ನರಕೋಶದಲ್ಲಿ ಒಂದು ಕೆಲಸ ಮಾಡುತ್ತದೆ. ನರಕೋಶಗಳು ಒಂದರೊಡನೊಂದು ಕೂಡಿ ಜಾಲವಾಗುತ್ತವೆ. ಆ ಜಾಲದ ಕಾರ್ಯದಿಂದ ನಡವಳಿಕೆ ಮೂಡುತ್ತದೆ. ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ವಂಶವಾಹಿಯಿಂದ ನಡವಳಿಕೆಯವರೆಗಿನ ಈ ದೂರ ಬಹಳ ದೊಡ್ಡದು. ಮುಂದೆ ಹೇಳಲಾಗುವ ಸಾಧನಗಳೆಲ್ಲವೂ ಈ ದಾರಿಯ ಯಾವುದಾದರೊಂದು ಹಂತವನ್ನು ಪರಿಶೀಲಿಸಲು ರೂಪುಗೊಂಡವು.

ನೊಣದಿಂದ ಆರಂಭವಾದ ಅಧ್ಯಯನ

ಕೊಳೆತ ಬಾಳೆಹಣ್ಣಿನ ಮೇಲೆ ಮುತ್ತುವ, ಸುಮಾರು ಮೂರು ಮಿಲಿಮೀಟರ್ ಉದ್ದದ ಕೆಂಪು ಕಣ್ಣಿನ ನೊಣವನ್ನು ಎಲ್ಲರೂ ಕಂಡಿರುತ್ತಾರೆ. ಇದರ ಹೆಸರು ಡ್ರೊಸೊಫಿಲಾ. ಮಾವಿನ ಬೆಳೆಗೆ ಹಾನಿ ಮಾಡುವ ಹಣ್ಣುನೊಣ ಬೇರೆ. ರೈತ ಬಾಂಧವರು ಎರಡನ್ನೂ ಒಂದೆಂದು ತಿಳಿಯಬಾರದು. ಡ್ರೊಸೊಫಿಲಾದ ಮೊಟ್ಟೆ ಸುಮಾರು ಹತ್ತು ದಿನಗಳಲ್ಲಿ ಪೂರ್ಣ ನೊಣವಾಗುತ್ತದೆ, ಅದಕ್ಕಿರುವುದು ನಾಲ್ಕೇ ಜೊತೆ ವರ್ಣತಂತು, ಸಾಕಲು ಖರ್ಚು ಅತ್ಯಲ್ಪ. ಮನುಷ್ಯನ ಕಾಯಿಲೆಗಳಿಗೆ ಸಂಬಂಧಿಸಿದ ವಂಶವಾಹಿಗಳಲ್ಲಿ ಸುಮಾರು ಮುಕ್ಕಾಲು ಪಾಲಿಗೆ ಹೋಲುವ ವಂಶವಾಹಿಗಳು ಈ ನೊಣದಲ್ಲಿಯೂ ಇವೆ.

ಅಮೆರಿಕದ ಸೀಮೋರ್ ಬೆಂಜರ್ ಅವರು 1967ರಲ್ಲಿ ಬೆಳಕಿನತ್ತ ಹೋಗುವ ಮತ್ತು ಹೋಗದ ನೊಣಗಳನ್ನು ಬೇರ್ಪಡಿಸುವ ಸರಳ ವಿಧಾನವನ್ನು ಪ್ರಕಟಿಸಿದರು. ರಾಸಾಯನಿಕದಿಂದ ವಂಶವಾಹಿಗಳಲ್ಲಿ ಅಲ್ಲೊಂದು ಇಲ್ಲೊಂದು ಬದಲಾವಣೆ ಉಂಟುಮಾಡಿ, ಯಾವ ನೊಣದ ನಡವಳಿಕೆ ಕೆಟ್ಟಿದೆ ಎಂದು ಹುಡುಕಿ, ಅನಂತರ ಕೆಟ್ಟ ವಂಶವಾಹಿಯನ್ನು ಪತ್ತೆ ಮಾಡುವುದು ಅವರ ಕ್ರಮವಾಗಿತ್ತು. ಲೆಕ್ಕಪತ್ರ ಬಲ್ಲವರಿಗೆ ಇದು ಅಪರಿಚಿತವಲ್ಲ: ತಾಳೆಯಾಗದ ಮೊತ್ತದಿಂದ ಹಿಂದಕ್ಕೆ ಹೋಗುತ್ತ ತಪ್ಪಾದ ನಮೂದನ್ನು ಹಿಡಿಯುವ ಕೆಲಸ.

ಇದೇ ಕ್ರಮದಲ್ಲಿ 1971ರಲ್ಲಿ ರೊನಾಲ್ಡ್ ಕೊನೊಪ್ಕ ಮತ್ತು ಬೆಂಜರ್ ಅವರು ದಿನದ ಲಯ ತಪ್ಪಿದ ಮೂರು ಬಗೆಯ ನೊಣಗಳನ್ನು ಕಂಡುಹಿಡಿದರು. ಒಂದರ ದಿನ 19 ಗಂಟೆಯದು, ಇನ್ನೊಂದರದು 28 ಗಂಟೆಯದು, ಮೂರನೆಯದಕ್ಕೆ ಲಯವೇ ಇಲ್ಲ. ಮೂರಕ್ಕೂ ಕಾರಣ ‘ಪೀರಿಯಡ್’ ಎಂಬ ಒಂದೇ ವಂಶವಾಹಿಯಲ್ಲಿನ ಬೇರೆ ಬೇರೆ ಬದಲಾವಣೆ. ಈ ವಂಶವಾಹಿ ಕೆಲಸ ಮಾಡುವ ಬಗೆಯನ್ನು ಬಿಡಿಸಿದ ಹಾಲ್, ರೋಸ್‌ಬ್ಯಾಶ್ ಮತ್ತು ಯಂಗ್ ಅವರಿಗೆ 2017ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ದೊರೆಯಿತು. ಸಂಜೆ ಬೇಗನೆ ನಿದ್ರೆಗೆ ಜಾರಿ ನಸುಕಿಗೆ ಮುನ್ನವೇ ಏಳುವ ಒಂದು ಅಮೆರಿಕನ್ ಕುಟುಂಬದಲ್ಲಿ ಇದೇ ಗುಂಪಿನ ವಂಶವಾಹಿಯ ಬದಲಾವಣೆ ಇರುವುದು 2001ರಲ್ಲಿ ತಿಳಿಯಿತು. ಗಿಣಿಗೇರಾದ ಸುತ್ತಲಿನ ಕಾರ್ಖಾನೆಗಳಲ್ಲಿ ರಾತ್ರಿ ಪಾಳಿ ಮುಗಿಸಿ ಬಂದವರಿಗೆ ಹಗಲು ನಿದ್ರೆ ಹತ್ತದಿರುವುದು ಈ ದೇಹದ ಗಡಿಯಾರದ ದೆಸೆಯಿಂದಲೇ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಬೆಳಿಗ್ಗೆ ಹೊರಬರುವ ನೊಣಗಳನ್ನೂ ಸಂಜೆ ಹೊರಬರುವ ನೊಣಗಳನ್ನೂ ತಲೆಮಾರುಗಳ ಕಾಲ ಪ್ರತ್ಯೇಕವಾಗಿ ಆಯ್ದು ಸಾಕಿ, ಎರಡು ಗುಂಪುಗಳ ಒಳಗಡಿಯಾರಗಳೇ ಬೇರೆಯಾಗುವುದನ್ನು ತೋರಿಸಲಾಗಿದೆ.

ನಮ್ಮ ದೇಶದಲ್ಲಿ ಈ ವಿಷಯಕ್ಕೆ ಅಡಿಪಾಯ ಹಾಕಿದವರು ಪ್ರೊ. ಒಬೈದ್ ಸಿದ್ದಿಕಿ. 1962ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಅಣುಜೀವಶಾಸ್ತ್ರ ಘಟಕವನ್ನು ಸ್ಥಾಪಿಸಿದ ಅವರು, ಬಿಸಿ ತಾಗಿದೊಡನೆ ನಿಶ್ಚೇಷ್ಟವಾಗಿ ತಂಪಾದೊಡನೆ ಚೇತರಿಸಿಕೊಳ್ಳುವ ನೊಣಗಳ ನರದೋಷವನ್ನು ಬೆಂಜರ್ ಅವರೊಂದಿಗೆ ಅಧ್ಯಯನ ಮಾಡಿ 1976ರಲ್ಲಿ ಪ್ರಕಟಿಸಿದರು. ವಿದ್ಯಾರ್ಥಿನಿ ವೆರೋನಿಕಾ ರೊಡ್ರಿಗಸ್ ಅವರೊಡನೆ ವಾಸನೆ ಮತ್ತು ರುಚಿ ತಿಳಿಯದ ನೊಣಗಳನ್ನು ಬೇರ್ಪಡಿಸಿದರು. ಮುಂದೆ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸ್ಥಾಪಕ ನಿರ್ದೇಶಕರಾದರು. 2006ರಲ್ಲಿ ಪದ್ಮವಿಭೂಷಣ ಪುರಸ್ಕೃತರಾದ ಅವರು 2013ರಲ್ಲಿ ಬೆಂಗಳೂರಿನಲ್ಲಿ ನಿಧನರಾದರು. ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯಲ್ಲಿಯೂ ಡ್ರೊಸೊಫಿಲಾ ತಳಿಗಳ ಸಂಗ್ರಹ ಕೇಂದ್ರವೊಂದಿದೆ.

ಎರಡು ಸಹಿಯ ಚೆಕ್ಕು

ಒಂದು ವಂಶವಾಹಿ ಕೆಟ್ಟರೆ ಅದು ದೇಹದ ಎಲ್ಲ ಕೋಶಗಳಲ್ಲಿಯೂ ಹುಟ್ಟಿನಿಂದಲೇ ಕೆಟ್ಟಿರುತ್ತದೆ. ಹಾಗಿರುವಾಗ ನೊಣದ ನೆನಪು ಕೆಟ್ಟದ್ದು ಮಿದುಳಿನ ಯಾವ ಭಾಗದಿಂದ ಎಂದು ತಿಳಿಯುವುದು ಹೇಗೆ? ಇದಕ್ಕೆ ಉತ್ತರವಾಗಿ 1993ರಲ್ಲಿ ಆಂಡ್ರಿಯಾ ಬ್ರ್ಯಾಂಡ್ ಮತ್ತು ನಾರ್ಬರ್ಟ್ ಪೆರಿಮನ್ ಅವರು ಒಂದು ಉಪಾಯವನ್ನು ಪ್ರಕಟಿಸಿದರು. ಬ್ರೆಡ್ ಉಬ್ಬಿಸುವ ಯೀಸ್ಟ್‌ನಿಂದ ‘ಗಾಲ್4’ ಎಂಬ ಪ್ರೋಟೀನನ್ನೂ ಅದು ಹೋಗಿ ಕೂರುವ ‘ಯುಎಎಸ್’ ಎಂಬ ಡಿಎನ್‌ಎ ತುಣುಕನ್ನೂ ಎರವಲು ಪಡೆದು ನೊಣದಲ್ಲಿ ಬಳಸಲಾಯಿತು.

ಜಂಟಿ ಖಾತೆಯ ಚೆಕ್ಕಿನ ಉದಾಹರಣೆಯಿಂದ ಇದನ್ನು ತಿಳಿಯಬಹುದು. ಇಬ್ಬರೂ ಸಹಿ ಮಾಡದ ಹೊರತು ಬ್ಯಾಂಕಿನಲ್ಲಿ ಹಣ ದೊರೆಯುವುದಿಲ್ಲ. ಒಂದು ನೊಣದ ಎಲ್ಲ ಕೋಶಗಳಲ್ಲಿಯೂ ‘ಯುಎಎಸ್’ ಎಂಬ ಒಂದು ಸಹಿ ಇರುವ ಚೆಕ್ಕನ್ನು ಇಡಲಾಗುತ್ತದೆ. ಸಂಶೋಧಕರಿಗೆ ಬೇಕಾದ ವಂಶವಾಹಿಯೇ ಆ ಚೆಕ್ಕಿನ ಮೊತ್ತ. ಇನ್ನೊಂದು ನೊಣದಲ್ಲಿ ‘ಗಾಲ್4’ ಎಂಬ ಎರಡನೆಯ ಸಹಿ ಆಯ್ದ ಕೆಲವು ನರಕೋಶಗಳಲ್ಲಿ ಮಾತ್ರ ಇರುತ್ತದೆ. ಇವೆರಡನ್ನೂ ಕೂಡಿಸಿದಾಗ ಹುಟ್ಟುವ ಮರಿಗಳಲ್ಲಿ ಎರಡೂ ಸಹಿ ಸೇರುವುದು ಆಯ್ದ ಕೋಶಗಳಲ್ಲಷ್ಟೇ. ವಂಶವಾಹಿ ಅಲ್ಲಿ ಮಾತ್ರ ಕೆಲಸ ಮಾಡುತ್ತದೆ. ಬೇರೆ ಬೇರೆ ಕೋಶಗಳಿಗೆ ಸಹಿ ಹಾಕುವ ಸಾವಿರಾರು ತಳಿಗಳು ಇಂದು ಲಭ್ಯವಿವೆ. ಬಿಸಿಯಾದಾಗ ನರಕೋಶದ ಸಂದೇಶ ನಿಲ್ಲಿಸುವ ‘ಶಿಬಿರೆ’ ಎಂಬ ವಂಶವಾಹಿಯನ್ನು ಈ ವಿಧಾನದಿಂದ ಆಯ್ದ ಕೋಶಗಳಿಗೆ ಹಾಕುವ ಕ್ರಮ 2001ರಲ್ಲಿ ಬಂದಿತು. ಕೋಣೆಯ ಉಷ್ಣತೆ ಏರಿಸಿದರೆ ಆ ಕೋಶಗಳು ಮೌನ. ಇಳಿಸಿದರೆ ಮತ್ತೆ ಕೆಲಸಕ್ಕೆ ಹಾಜರು.

ಎಲ್ಲಿ ಮತ್ತು ಯಾವಾಗ

ಈ ಪುಟದ ಮುಖ್ಯ ವಿಷಯ ಇಲ್ಲಿದೆ. ‘ರುಟಬಾಗಾ’ ಎಂಬ ವಂಶವಾಹಿ ಕೆಟ್ಟ ನೊಣಗಳು ಕಲಿತದ್ದನ್ನು ನೆನಪಿಡಲಾರವು. ಒಂದು ವಾಸನೆಯೊಂದಿಗೆ ಸಣ್ಣ ವಿದ್ಯುತ್ ಆಘಾತ ಕೊಟ್ಟರೆ ಸಾಮಾನ್ಯ ನೊಣ ಆ ವಾಸನೆಯನ್ನು ಮುಂದೆ ದೂರವಿಡುತ್ತದೆ. ಈ ನೊಣಗಳು ಅದನ್ನು ಸರಿಯಾಗಿ ಮಾಡಲಾರವು. 2000ದಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಮೇಲೆ ವಿವರಿಸಿದ ಎರಡು ಸಹಿಯ ವಿಧಾನದಿಂದ, ನೊಣದ ಮಿದುಳಿನ ಅಣಬೆಯಾಕಾರದ ಒಂದು ಚಿಕ್ಕ ಭಾಗಕ್ಕೆ ಮಾತ್ರ ಒಳ್ಳೆಯ ರುಟಬಾಗಾವನ್ನು ಮರಳಿ ನೀಡಲಾಯಿತು. ದೇಹದ ಉಳಿದೆಡೆ ದೋಷ ಹಾಗೆಯೇ ಇತ್ತು. ಆದರೂ ಆ ನೆನಪು ಮರಳಿತು.

2003ರಲ್ಲಿ ಇನ್ನೊಂದು ತಂಡ ಇದಕ್ಕೆ ಕಾಲದ ನಿಯಂತ್ರಣವನ್ನೂ ಸೇರಿಸಿತು. ನೊಣ ಬೆಳೆಯುವ ಅವಧಿಯುದ್ದಕ್ಕೂ ವಂಶವಾಹಿಯನ್ನು ಕೊಡದೆ, ಅದು ಪೂರ್ಣವಾಗಿ ಬೆಳೆದ ಮೇಲಷ್ಟೇ ಕೊಡಲಾಯಿತು. ನೆನಪು ಆಗಲೂ ಮರಳಿತು. ಹುಟ್ಟಿನಿಂದ ಬಂದ ದೋಷವೆಲ್ಲ ಶಾಶ್ವತವೆಂಬ ಸಾಮಾನ್ಯ ನಂಬಿಕೆಗೆ ಈ ಪುಟ್ಟ ನೊಣ ಕೊಟ್ಟ ಪೆಟ್ಟು ಸಣ್ಣದಲ್ಲ.

ಹಾಗೆಂದು ಎಲ್ಲ ವಂಶವಾಹಿಗಳಿಗೂ ಇದೇ ನಿಯಮವಲ್ಲ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಗೈತಿ ಹಸನ್ ಅವರ ತಂಡವು ನರಕೋಶದ ಒಳಗಿನ ಕ್ಯಾಲ್ಸಿಯಂ ಬಿಡುಗಡೆಗೆ ಸಂಬಂಧಿಸಿದ ಒಂದು ವಂಶವಾಹಿ ಕೆಟ್ಟ ನೊಣಗಳು ಹಾರಲಾರವು ಎಂಬುದನ್ನು 2004ರಲ್ಲಿ ಪ್ರಕಟಿಸಿತು. ಅವು ಹತ್ತಬಲ್ಲವು, ಜಿಗಿಯಬಲ್ಲವು; ಹಾರಾಟ ಮಾತ್ರ ಇಲ್ಲ. ಸೆರೊಟೋನಿನ್ ಮತ್ತು ಡೋಪಮಿನ್ ಎಂಬ ರಾಸಾಯನಿಕಗಳನ್ನು ಬಳಸುವ ಕೆಲವೇ ನರಕೋಶಗಳಿಗೆ ಒಳ್ಳೆಯ ವಂಶವಾಹಿಯನ್ನು ಕೊಟ್ಟಾಗ ಹಾರಾಟ ಮರಳಿತು. ಆದರೆ ಇಲ್ಲಿ ವಂಶವಾಹಿಯ ಪಾತ್ರ ಹಾರಾಟದ ನರಜಾಲ ಕಟ್ಟಲ್ಪಡುವ ಬೆಳವಣಿಗೆಯ ಹಂತದಲ್ಲಿ ಮುಖ್ಯವಾಗಿ ಕಂಡುಬಂದಿತು. ಕೆಲವು ದೋಷಗಳಿಗೆ ಕಾಲದ ಬಾಗಿಲು ಕೊನೆಯವರೆಗೂ ತೆರೆದಿರುತ್ತದೆ, ಕೆಲವಕ್ಕೆ ಬೇಗ ಮುಚ್ಚುತ್ತದೆ.

ಮೂರನೆಯ ಉದಾಹರಣೆಯೂ ಅದೇ ಕೇಂದ್ರದ್ದು. ಗಿಣಿಗೇರಾ ಜಂಕ್ಷನ್ ಸಮೀಪ ವಾಸಿಸುವವರಿಗೆ ನಡುರಾತ್ರಿಯ ಗೂಡ್ಸ್ ರೈಲಿನ ಸದ್ದಿನಿಂದ ಎಚ್ಚರವಾಗುವುದಿಲ್ಲ. ಊರಿನಿಂದ ಬಂದ ನೆಂಟರು ಮಾತ್ರ ಎದ್ದು ಕುಳಿತುಕೊಳ್ಳುತ್ತಾರೆ. ಒಣಮೆಣಸಿನಕಾಯಿ ಅಂಗಡಿಯವನಿಗೆ ಘಾಟು ತಿಳಿಯದು. ಇದಕ್ಕೆ ರೂಢಿಯಾಗುವಿಕೆ ಎನ್ನುತ್ತಾರೆ. ಇದು ಬರಿಯ ಸೋಮಾರಿತನವೋ, ಮೂಗು ದಣಿಯುವುದೋ, ಅಥವಾ ಮಿದುಳು ಮಾಡುವ ಕಲಿಕೆಯೋ? ರೊಡ್ರಿಗಸ್ ಮತ್ತು ಮಣಿ ರಾಮಸ್ವಾಮಿ ಅವರ ತಂಡಗಳು ನೊಣಗಳನ್ನು ನಾಲ್ಕು ದಿನ ಒಂದೇ ವಾಸನೆಯಲ್ಲಿಟ್ಟು ಪರೀಕ್ಷಿಸಿದವು. ಆ ವಾಸನೆಗೆ ನೊಣಗಳ ಪ್ರತಿಕ್ರಿಯೆ ತಗ್ಗಿತು. ಅದಕ್ಕೆ ಕಾರಣ, ವಾಸನೆಯ ಸಂದೇಶ ಮೊದಲು ತಲುಪುವ ಮಿದುಳಿನ ಭಾಗದಲ್ಲಿ ಸಂದೇಶಗಳನ್ನು ತಡೆಹಿಡಿಯುವ ನರಕೋಶಗಳು ಬಲಗೊಂಡದ್ದು. ಆ ಕೋಶಗಳಲ್ಲಿ ರುಟಬಾಗಾ ಇಲ್ಲದಿದ್ದರೆ ರೂಢಿಯಾಗುವುದಿಲ್ಲ. ಅಲ್ಲಿ ಮಾತ್ರ ಇದ್ದರೂ ಸಾಕು. ರೊಡ್ರಿಗಸ್ ಅವರು 2010ರ ನವೆಂಬರ್‌ನಲ್ಲಿ ನಿಧನರಾದರು; ಈ ಸಂಶೋಧನೆ 2011ರಲ್ಲಿ ಪ್ರಕಟವಾಯಿತು.

ಗಮನಿಸಬೇಕಾದ ಸಂಗತಿಯೆಂದರೆ, ಒಂದೇ ರುಟಬಾಗಾ ಒಂದು ಕಡೆ ನೆನಪನ್ನೂ ಇನ್ನೊಂದು ಕಡೆ ಮರೆತಂತಿರುವ ರೂಢಿಯನ್ನೂ ಉಂಟುಮಾಡುತ್ತದೆ. ಮೇಲಾಗಿ, ವಾಸನೆ ಹೊರಗಿನಿಂದ ಬಾರದೆ ಇದ್ದಿದ್ದರೆ ಅದು ಏನನ್ನೂ ಮಾಡುತ್ತಿರಲಿಲ್ಲ. ವಂಶವಾಹಿ ಮತ್ತು ಪರಿಸರ ಎಂದು ಎರಡು ಪಕ್ಷ ಮಾಡಿ ವಾದಿಸುವವರು ಈ ಪ್ರಯೋಗವನ್ನೊಮ್ಮೆ ನೋಡುವುದು ಒಳ್ಳೆಯದು.

ಇತ್ತೀಚಿನ ಸಾಧನಗಳ ಬಗ್ಗೆ ಸಂಕ್ಷಿಪ್ತವಾಗಿ: ಆಯ್ದ ವಂಶವಾಹಿಯ ಸಂದೇಶವನ್ನು ನಡುವೆಯೇ ಅಳಿಸುವ ಆರ್‌ಎನ್‌ಎ ತಡೆ ವಿಧಾನ 1998ರಲ್ಲಿ, ಬೆಳಕು ಚೆಲ್ಲಿ ನರಕೋಶವನ್ನು ಚಾಲನೆಗೊಳಿಸುವ ವಿಧಾನ 2005ರಲ್ಲಿ, ಡಿಎನ್‌ಎಯನ್ನು ಬೇಕಾದಲ್ಲಿ ಕತ್ತರಿಸುವ ಕ್ರಿಸ್ಪರ್ 2012ರಲ್ಲಿ ಬಂದವು. 2024ರ ಅಕ್ಟೋಬರ್‌ನಲ್ಲಿ ವಯಸ್ಕ ನೊಣದ ಮಿದುಳಿನ 1,39,255 ನರಕೋಶಗಳು ಮತ್ತು ಅವುಗಳ ಪರಸ್ಪರ ಜೋಡಣೆಯ ಸಂಪೂರ್ಣ ನಕ್ಷೆ ಪ್ರಕಟವಾಯಿತು.

ನೊಣದಿಂದ ಮನುಷ್ಯರಿಗೆ

ಪ್ರಯೋಗಶಾಲೆಯ ಯಶಸ್ಸನ್ನು ಔಷಧವೆಂದು ತಿಳಿಯಬಾರದು. ಬೌದ್ಧಿಕ ವಿಕಲತೆಗೆ ಕಾರಣವಾಗುವ ಫ್ರಜೈಲ್ ಎಕ್ಸ್ ಎಂಬ ಸ್ಥಿತಿ ಒಂದು ಉದಾಹರಣೆ. 1991ರಲ್ಲಿ ಇದರ ವಂಶವಾಹಿ ಪತ್ತೆಯಾಯಿತು. ಅದರ ಒಂದು ಭಾಗದಲ್ಲಿ ಮೂರಕ್ಷರದ ತುಣುಕು 200ಕ್ಕಿಂತ ಹೆಚ್ಚು ಬಾರಿ ಪುನರಾವರ್ತನೆಯಾದಾಗ ವಂಶವಾಹಿ ಮೌನವಾಗುತ್ತದೆ. ನೊಣ ಮತ್ತು ಇಲಿಗಳಲ್ಲಿ ಇದೇ ದೋಷ ಉಂಟುಮಾಡಿ, ಒಂದು ಬಗೆಯ ಔಷಧದಿಂದ ಅವುಗಳ ನಡವಳಿಕೆ ಸುಧಾರಿಸಿದ್ದು ಕಂಡುಬಂದಿತು. ಬೆಂಗಳೂರಿನಲ್ಲಿ ಸುಮಂತ್ರ ಚಟರ್ಜಿ ಅವರ ತಂಡವೂ ಇಲಿಯ ಮಿದುಳಿನ ಭಾವನೆಗೆ ಸಂಬಂಧಿಸಿದ ಭಾಗದಲ್ಲಿ ಈ ದೋಷದ ಪರಿಣಾಮವನ್ನು ಅಧ್ಯಯನ ಮಾಡಿದೆ. ಆದರೆ ಆ ಬಗೆಯ ಔಷಧವೊಂದನ್ನು ರೋಗಿಗಳಿಗೆ ಕೊಟ್ಟು ನೋಡಿದ ದೊಡ್ಡ ಪರೀಕ್ಷೆಗಳಲ್ಲಿ ನಿರೀಕ್ಷಿತ ಫಲ ದೊರೆಯದೆ 2014ರಲ್ಲಿ ಅದನ್ನು ಕೈಬಿಡಲಾಯಿತು. ಜೀನ್ ಚಿಕಿತ್ಸೆಯಿಂದ ಮಗುವನ್ನು ತಿಂಗಳಲ್ಲಿ ಸರಿಪಡಿಸುವುದಾಗಿ ಹೇಳಿ ಹಣ ಕೇಳುವವರ ಮಾತನ್ನು ಸಾರ್ವಜನಿಕರು ನಂಬಬಾರದು.

ಜೀವಂತ ಮನುಷ್ಯನ ಮಿದುಳನ್ನು ತೆರೆದು ನೋಡಲಾಗದು. ಇದಕ್ಕೆ ಇನ್ನೊಂದು ದಾರಿ ಇದೆ. ರಕ್ತದ ಕೋಶಗಳನ್ನು ಮೂಲಸ್ಥಿತಿಗೆ ಹಿಂದಿರುಗಿಸಿ, ಅವುಗಳಿಂದ ಗಾಜಿನ ತಟ್ಟೆಯಲ್ಲಿ ನರಕೋಶಗಳನ್ನು ಬೆಳೆಸುವುದು ಸಾಧ್ಯವಾಗಿದೆ. ಬೆಂಗಳೂರಿನ ನಿಮ್ಹಾನ್ಸ್, ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಮತ್ತು ಇನ್‌ಸ್ಟೆಮ್ ಸಂಸ್ಥೆಗಳು ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆಯ ನೆರವಿನೊಂದಿಗೆ ಇಂತಹ ಕಾರ್ಯಕ್ರಮವನ್ನು ಜಂಟಿಯಾಗಿ ಕೈಗೊಂಡಿವೆ. ಒಂದೇ ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ತೀವ್ರ ಮಾನಸಿಕ ಕಾಯಿಲೆ ಇರುವ ಕುಟುಂಬಗಳು ಇದರಲ್ಲಿ ಸ್ವಯಂಪ್ರೇರಿತರಾಗಿ ರಕ್ತದ ಮಾದರಿ ನೀಡುತ್ತವೆ. ಕಾಯಿಲೆ ಇರುವ ಮತ್ತು ಇಲ್ಲದ ಒಡಹುಟ್ಟಿದವರ ನರಕೋಶಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಲಾಗುತ್ತದೆ.

ಸ್ಕಿಜೋಫ್ರೇನಿಯಾ ಕುರಿತು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸುಮಾರು 76,000 ರೋಗಿಗಳ ಮತ್ತು 2,43,000 ಇತರರ ಡಿಎನ್‌ಎಯನ್ನು ಹೋಲಿಸಿ, ಕಾಯಿಲೆಯೊಂದಿಗೆ ಸಂಬಂಧವುಳ್ಳ 287 ಸ್ಥಾನಗಳನ್ನು ಗುರುತಿಸಲಾಯಿತು. ಇವುಗಳಲ್ಲಿ ಬಹುತೇಕ ಪ್ರತಿಯೊಂದರ ಪ್ರಭಾವವೂ ಅತ್ಯಲ್ಪ, ಮತ್ತು ಅವು ಆರೋಗ್ಯವಂತರಲ್ಲಿಯೂ ಇರುತ್ತವೆ. ನೂರಾರು ಸಣ್ಣ ನಮೂದುಗಳಿರುವ ಲೆಕ್ಕದಲ್ಲಿ ಒಂದು ನಮೂದನ್ನು ತೋರಿಸಿ ಇದರಿಂದಲೇ ನಷ್ಟವಾಯಿತು ಎನ್ನಲಾಗದು. ಅಲ್ಲದೆ ಅದರಲ್ಲಿ ಭಾಗವಹಿಸಿದವರಲ್ಲಿ ಹೆಚ್ಚಿನವರು ಯುರೋಪ್ ಮೂಲದವರು. ನಮ್ಮ ಜನರ ವಂಶವಾಹಿ ವೈವಿಧ್ಯವನ್ನು ದಾಖಲಿಸಲು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರದ ಸಮನ್ವಯದಲ್ಲಿ ನಡೆದ ಜಿನೋಮ್ ಇಂಡಿಯಾ ಯೋಜನೆಯಡಿ 10,000ಕ್ಕೂ ಹೆಚ್ಚು ಭಾರತೀಯರ ಡಿಎನ್‌ಎ ಓದಲಾಗಿದ್ದು, 2025ರ ಜನವರಿಯಲ್ಲಿ ದತ್ತಾಂಶವನ್ನು ಸಂಶೋಧಕರಿಗೆ ಲಭ್ಯಗೊಳಿಸಲಾಯಿತು.

ಕುಟುಂಬದ ಮೇಲಿನ ಅಪವಾದ

ಮೆಲುದನಿಯಲ್ಲಿ ಕೇಳಲಾಗುವ ಪ್ರಶ್ನೆಗೆ ಈಗ ಬರಬಹುದು. ಸ್ಕಿಜೋಫ್ರೇನಿಯಾ ಸಾಮಾನ್ಯ ಜನರಲ್ಲಿ ಜೀವಿತಾವಧಿಯಲ್ಲಿ ಸುಮಾರು 100ರಲ್ಲಿ ಒಬ್ಬರಿಗೆ ಬರುತ್ತದೆ. ಒಡಹುಟ್ಟಿದವರಿಗೆ ಇದ್ದಲ್ಲಿ ಸುಮಾರು 100ರಲ್ಲಿ 10 ಮಂದಿಗೆ ಬರಬಹುದು. ಸಂಭವ ಹೆಚ್ಚುತ್ತದೆ ಎಂಬುದು ನಿಜ, ಮುಚ್ಚಿಡುವಂಥದ್ದೇನೂ ಅಲ್ಲ. ಆದರೆ ಅಂತಹ 100 ಮಂದಿಯಲ್ಲಿ 90 ಮಂದಿಗೆ ಬರುವುದಿಲ್ಲ ಎಂಬುದೂ ಅದೇ ಲೆಕ್ಕದ ಭಾಗ. ವಂಶವಾಹಿಗಳೆಲ್ಲ ಒಂದೇ ಆಗಿರುವ ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಇದ್ದರೆ ಇನ್ನೊಬ್ಬರಿಗೆ ಬರುವುದು ಹೆಚ್ಚೆಂದರೆ ಅರ್ಧದಷ್ಟು ಪ್ರಸಂಗಗಳಲ್ಲಿ.

ಮಗುವಿನ ಬೌದ್ಧಿಕ ವಿಕಲತೆಗೆ ತಾಯಿಯನ್ನೇ ಹೊಣೆ ಮಾಡಿ ತವರಿಗೆ ಕಳುಹಿಸುವ ಪ್ರಸಂಗಗಳು ಈಗಲೂ ಇವೆ. ಇದಕ್ಕೆ ವಿಜ್ಞಾನದಲ್ಲಿ ಆಧಾರವಿಲ್ಲ. ಅನೇಕ ವಂಶವಾಹಿ ಕಾಯಿಲೆಗಳು ಬರಲು ತಂದೆ ತಾಯಿ ಇಬ್ಬರಿಂದಲೂ ಒಂದೊಂದು ದೋಷಯುಕ್ತ ಪ್ರತಿ ಬರಬೇಕು. ಇಬ್ಬರೂ ಆರೋಗ್ಯವಾಗಿರುತ್ತಾರೆ, ಇಬ್ಬರಿಗೂ ತಿಳಿದಿರುವುದಿಲ್ಲ. ಅಂತಹ ದಂಪತಿಗಳ ಪ್ರತಿ ಗರ್ಭದಲ್ಲಿಯೂ ಮಗುವಿಗೆ ಕಾಯಿಲೆ ಬರುವ ಸಂಭವ 4ರಲ್ಲಿ 1. ಫ್ರಜೈಲ್ ಎಕ್ಸ್ ವಂಶವಾಹಿ ಮಗನಿಗೆ ತಾಯಿಯಿಂದ ಬರುತ್ತದೆಯಾದರೂ ಆಕೆಗೆ ಅದರ ಪೂರ್ವರೂಪ ಆಕೆಯ ತಂದೆಯಿಂದಲೂ ಬಂದಿರಬಹುದು. ಡೌನ್ ಸಿಂಡ್ರೋಮ್ ಬಹುಪಾಲು ಪ್ರಸಂಗಗಳಲ್ಲಿ ವಂಶದಿಂದ ಬಂದದ್ದೇ ಅಲ್ಲ.

ರಕ್ತಸಂಬಂಧದ ಮದುವೆಯ ವಿಷಯವನ್ನು ಹೇಳದೆ ಬಿಡುವುದು ಸರಿಯಲ್ಲ. ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವ ಪದ್ಧತಿ ನಮ್ಮ ಭಾಗದಲ್ಲಿದೆ. ಅಂತಹ ದಂಪತಿಗಳ ಮಗುವಿನಲ್ಲಿ ಒಂದು ವಂಶವಾಹಿಯ ಎರಡೂ ಪ್ರತಿಗಳು ಒಬ್ಬರೇ ಹಿರಿಯರಿಂದ ಬಂದಿರುವ ಸಂಭವ 8ರಲ್ಲಿ 1. ಅತ್ತೆಯ ಮಗ, ಮಾವನ ಮಗಳು ಇಂತಹ ಸಂಬಂಧದಲ್ಲಿ 16ರಲ್ಲಿ 1. ಎರಡೂ ಕಡೆಯಿಂದ ಬರಬೇಕಾದ ಕಾಯಿಲೆಗಳು ಇದರಿಂದ ಹೆಚ್ಚುತ್ತವೆ. ಆದರೂ ಇಂತಹ ದಂಪತಿಗಳ ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ. ಮದುವೆಗೆ ಮುನ್ನ ವಿಚಾರಿಸಬೇಕಾದದ್ದನ್ನು ಮಗು ಹುಟ್ಟಿದ ಮೇಲೆ ಅಪವಾದವಾಗಿ ಬಳಸುವುದು ನ್ಯಾಯವಲ್ಲವೆಂದು ಈ ಶಾಖೆಯ ಅಭಿಪ್ರಾಯ.

ಜೀನ್ ಪರೀಕ್ಷೆ ಯಾರಿಗೆ ಉಪಯುಕ್ತ

ಪರೀಕ್ಷೆ ನಿರರ್ಥಕವೆಂದು ತಿಳಿಯಬಾರದು. ಮಗುವಿನ ವಿಕಲತೆಗೆ ಕಾರಣ ತಿಳಿಯದಿದ್ದಾಗ, ಮುಂದಿನ ಮಗುವಿನ ಬಗ್ಗೆ ದಂಪತಿಗಳು ಯೋಚಿಸುತ್ತಿರುವಾಗ, ಅಥವಾ ಚಿಕಿತ್ಸೆ ಇರುವ ಕಾಯಿಲೆಯ ಸಂಶಯವಿದ್ದಾಗ ತಜ್ಞ ವೈದ್ಯರು ಸೂಚಿಸಿದರೆ ಮಾಡಿಸತಕ್ಕದ್ದು. ಫಿನೈಲ್‌ಕೀಟೋನ್ಯೂರಿಯ ಎಂಬ ಕಾಯಿಲೆಯಲ್ಲಿ ಒಂದು ವಂಶವಾಹಿಯ ದೋಷದಿಂದ ಮಿದುಳಿಗೆ ತೀವ್ರ ಹಾನಿಯಾಗುತ್ತದೆ. ಆದರೆ ಹುಟ್ಟಿದ ಕೆಲವೇ ದಿನಗಳಲ್ಲಿ ಪತ್ತೆಯಾಗಿ ಆಹಾರವನ್ನು ನಿಯಂತ್ರಿಸಿದರೆ ಮಗು ಸಾಮಾನ್ಯವಾಗಿ ಬೆಳೆಯುತ್ತದೆ. ವಂಶವಾಹಿ ಬದಲಾಗಿಲ್ಲ, ತಟ್ಟೆಯಲ್ಲಿನ ಊಟ ಬದಲಾಗಿದೆ. ಗರ್ಭಸ್ಥ ಶಿಶುವಿನ ವಂಶವಾಹಿ ಪರೀಕ್ಷೆಯನ್ನು ಮಾತ್ರ 1994ರ ಪ್ರಸವಪೂರ್ವ ಪತ್ತೆ ತಂತ್ರಗಳ ಕಾಯಿದೆಯಡಿ ನೋಂದಾಯಿತ ಕೇಂದ್ರಗಳಲ್ಲಿ, ನಿಗದಿತ ಕಾರಣಗಳಿಗಾಗಿ ಮಾಡಿಸಲು ಅವಕಾಶವಿದೆ. ಲಿಂಗವನ್ನು ತಿಳಿಸುವುದು ಅಪರಾಧ.

ಸಂಶೋಧನೆಗಾಗಿ ರಕ್ತದ ಮಾದರಿ ಕೇಳಿದಾಗ ಕೊಡುವುದೂ ಬಿಡುವುದೂ ಕುಟುಂಬದ ಇಚ್ಛೆ. ಒಪ್ಪಿಗೆ ಪತ್ರವನ್ನು ತಿಳಿಯುವ ಭಾಷೆಯಲ್ಲಿ ಓದಿಸಿಕೊಂಡು ಸಹಿ ಮಾಡತಕ್ಕದ್ದು. ನಡುವೆ ಹಿಂದೆ ಸರಿಯುವ ಹಕ್ಕೂ ಇದೆ. ಕೊಡದಿದ್ದರೆ ಚಿಕಿತ್ಸೆಗಾಗಲಿ ಪ್ರಮಾಣಪತ್ರಕ್ಕಾಗಲಿ ಅಡ್ಡಿಯಿಲ್ಲ.

ಪ್ರಮಾಣಪತ್ರದಲ್ಲಿ ಅಳೆಯುವುದು ಏನನ್ನು

2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದಲ್ಲಿ 21 ಬಗೆಯ ವಿಕಲತೆಗಳನ್ನು ಗುರುತಿಸಲಾಗಿದೆ. ಬೌದ್ಧಿಕ ವಿಕಲತೆಯಲ್ಲಿ ಬುದ್ಧಿಮಟ್ಟದ ಪರೀಕ್ಷೆಯ ಜೊತೆಗೆ ವ್ಯಕ್ತಿಯು ನಿತ್ಯಜೀವನದಲ್ಲಿ ಎಷ್ಟರಮಟ್ಟಿಗೆ ಹೊಂದಿಕೊಳ್ಳುತ್ತಾನೆ ಎಂಬುದನ್ನೂ ನೋಡಲಾಗುತ್ತದೆ. ಸ್ವಲೀನತೆಗೆ ಐಎಸ್‌ಎಎ ಎಂಬ ಭಾರತೀಯ ಮಾನದಂಡವಿದೆ. ಮಾನಸಿಕ ಅಸ್ವಸ್ಥತೆಗೆ ಐಡಿಯಾಸ್ ಎಂಬ ಮಾನದಂಡದಲ್ಲಿ ಸ್ವಂತ ಆರೈಕೆ, ಇತರರೊಡನೆ ಒಡನಾಟ, ಮಾತು ಮತ್ತು ಗ್ರಹಿಕೆ, ದುಡಿಮೆ ಈ ನಾಲ್ಕನ್ನು ಪರಿಶೀಲಿಸಲಾಗುತ್ತದೆ. ಕಾಯಿಲೆ ಎಲ್ಲಿಂದ ಬಂತು ಎಂಬ ಕಲಮು ಇವುಗಳಲ್ಲಿ ಇಲ್ಲ. ಪ್ರಮಾಣಪತ್ರದಲ್ಲಿ ವಿಕಲತೆಯ ಬಗೆ ಮತ್ತು ಶೇಕಡಾವಾರು ಪ್ರಮಾಣ ನಮೂದಾಗುತ್ತವೆ. ವಂಶವಾಹಿಯ ಹೆಸರಾಗಲಿ ವಂಶದ ಉಲ್ಲೇಖವಾಗಲಿ ಇರುವುದಿಲ್ಲ. ಬಹುತೇಕ ಸೌಲಭ್ಯಗಳಿಗೆ ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ವಿಕಲತೆ ಇರತಕ್ಕದ್ದು.

ಅರ್ಜಿಯನ್ನು ಸ್ವಾವಲಂಬನ್ ಕಾರ್ಡ್ ಜಾಲತಾಣದಲ್ಲಿ ಭಾವಚಿತ್ರ, ಗುರುತು ಮತ್ತು ವಿಳಾಸದ ದಾಖಲೆಗಳೊಂದಿಗೆ ಸಲ್ಲಿಸಬೇಕು. ಹಳೆಯ ಚಿಕಿತ್ಸಾ ಚೀಟಿಗಳಿದ್ದಲ್ಲಿ ತಪಾಸಣೆಯ ದಿನ ತರುವುದು ಅನುಕೂಲ. ಶಾಲೆಗೆ ಹೋಗುವ ಮಗುವಾದರೆ ಶಿಕ್ಷಕರು ಬರೆದುಕೊಟ್ಟ ಟಿಪ್ಪಣಿಯೂ ವೈದ್ಯರಿಗೆ ಉಪಯೋಗಕ್ಕೆ ಬರುತ್ತದೆ. ಚಿಕ್ಕ ಮಕ್ಕಳಿಗೆ ನಿಗದಿತ ಅವಧಿಯ ಪ್ರಮಾಣಪತ್ರ ನೀಡಿ ಮುಂದೆ ಮರುಪರೀಕ್ಷೆ ಮಾಡಲಾಗುತ್ತದೆ. ಮಗುವಿನ ಸಾಮರ್ಥ್ಯ ಬೆಳೆಯುತ್ತ ಬದಲಾಗಬಹುದು ಎಂಬುದೇ ಇದಕ್ಕೆ ಕಾರಣ. ಇದನ್ನು ಕಚೇರಿಯ ಅಲೆದಾಟವೆಂದು ಭಾವಿಸಬಾರದಾಗಿ ವಿನಂತಿ. ಅರ್ಜಿ ತಿರಸ್ಕೃತವಾದಲ್ಲಿ ಅಧಿನಿಯಮದ 59ನೇ ಪ್ರಕರಣದಡಿ ಮೇಲ್ಮನವಿಗೆ ಅವಕಾಶವಿದೆ.

ಗಿಣಿಗೇರಾ ಹಾಗೂ ಇತರ ಗ್ರಾಮಗಳವರು ತಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಂದಲೂ ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಿಂದಲೂ ಅರ್ಜಿ ಭರ್ತಿ ಮಾಡಲು ನೆರವು ಪಡೆಯಬಹುದು. ಮಾನಸಿಕ ಕಾಯಿಲೆಗೆ ಔಷಧ ಆರಂಭಿಸಲು ಪ್ರಮಾಣಪತ್ರಕ್ಕಾಗಿ ಕಾಯಬೇಕಿಲ್ಲ. ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ 1980ರ ದಶಕದಲ್ಲಿ ನಡೆಸಿದ ಪ್ರಯೋಗದ ಮಾದರಿಯಲ್ಲಿ 1996ರಿಂದ ದೇಶದಲ್ಲಿ ಜಾರಿಗೆ ಬಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಚಿಕಿತ್ಸೆ ದೊರೆಯುತ್ತದೆ. ದೂರವಾಣಿಯ ಮೂಲಕ ಸಲಹೆ ಬಯಸುವವರು ಟೆಲಿ ಮಾನಸ್ ಉಚಿತ ಸಂಖ್ಯೆ 14416ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.